ಬೇವಿನ ಮರದ ಕೆಳಗಿನ ಉಕ್ತಲೇಖನ

ಅವರ ಧೋತರದ ಎಡಮೊಣಕಾಲಿನ ಜಾಗ ಯಾವಾಗಲೂ ನೀಲಿ. ಉಳಿದ ಧೋತರವೆಲ್ಲ ಬೆಳ್ಳಗೆ, ಗರಿಗರಿಯಾಗಿ ಇದ್ದರೂ ಅಲ್ಲಿ ಮಾತ್ರ ಅಂಗೈಯಗಲದ ಒಂದು ಮಸಿ ಕಲೆ. ಎಡಗಾಲು ಮಡಚಿ ನಿಲ್ಲಿಸಿ, ಅದರ ಮೇಲೆ ರಟ್ಟು ಇಟ್ಟು, ಮೂರು ಹಾಳೆಗಳ ನಡುವೆ ಎರಡು ಕಾರ್ಬನ್ ಸೇರಿಸಿ ಬರೆಯುವುದು ಅವರ ಪದ್ಧತಿ. ಬರೆದಾದ ಮೇಲೆ ಆ ಕಾರ್ಬನ್ನು ಗಾಳಿಗೆ ಹಾರದಂತೆ ರಟ್ಟಿನ ಅಡಿಗೇ ತುರುಕಿಕೊಳ್ಳುತ್ತಿದ್ದರು. ಅವರ ಹೆಂಡತಿ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದವರು, ಆ ಕಲೆಗೆ ನಿಂಬೆಹಣ್ಣು, ಸೀಮೆಎಣ್ಣೆ, ಸೋಡಾ ಎಲ್ಲ ಹಚ್ಚಿ ನೋಡಿ ಸೋತು, ಕೊನೆಗೆ ಲಗ್ನಗಳಿಗೆ ಹೋಗುವಾಗ ಉಡಲೆಂದೇ ಒಂದು ಜೋಡಿ ಧೋತರವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರಂತೆ.

ಸವದತ್ತಿಯ ಕೋರ್ಟಿನ ಗೇಟಿಗೆ ಹತ್ತಿದಂತೆ ಒಂದು ಬೇವಿನ ಮರ. ಅದರ ಕೆಳಗೆ ಮೂವರು ಅರ್ಜಿ ಬರೆಯುವವರು ಕೂಡುತ್ತಿದ್ದರು. ಮೂವರಲ್ಲಿ ಇವರೇ ಹಿರಿಯರು, ಊರಿಗೆಲ್ಲ ಅರ್ಜಿ ಕಾಕಾ. ಓದಿದ್ದು ಏಳನೆಯ ಇಯತ್ತೆ, ಆಗಿನವರು ಮುಲ್ಕಿ ಎನ್ನುತ್ತಿದ್ದರಲ್ಲ, ಅದು. ಹಣೆಗೆ ಮೂರು ಬೆರಳಿನ ವಿಭೂತಿ, ಕಿವಿಯ ಮೇಲೆ ಒಂದು ಪೆನ್ನು, ಕೈಯಲ್ಲಿ ಇನ್ನೊಂದು. ಚಹಾ ಬಸಿಗೆ ಸುರಿದುಕೊಂಡೇ ಕುಡಿಯಬೇಕು. ಯಾರದೇ ಅರ್ಜಿ ಬರೆದರೂ ಮುಗಿದ ಮೇಲೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಗೇಟಿನಾಚೆಗಿನ ಚಹಾ ಅಂಗಡಿಯವನಿಗೂ ಕೇಳುವ ಹಾಗೆ. ಎಷ್ಟೋ ಜನರಿಗೆ ನಾಚಿಕೆಯಾಗುತ್ತಿತ್ತು. ಒಳಗೆ ನ್ಯಾಯಾಧೀಶರ ಮುಂದೆ ಹೇಗೂ ಹೇಳಬೇಕಾದದ್ದು, ಇಲ್ಲೇ ಒಮ್ಮೆ ನಾಚಿಕೊಂಡು ಮುಗಿಸಿ ಎನ್ನುತ್ತಿದ್ದರು.

ನಾನು ಅವರ ಮುಂದೆ ಮೊದಲು ಕುಳಿತದ್ದು ತೊಂಬತ್ತರ ದಶಕದ ನಡುಭಾಗದಲ್ಲಿ. ಬಿ.ಎ. ಮುಗಿಸಿ, ಲಗ್ನವಾಗಿ, ಗಂಡನ ಮನೆಯಲ್ಲಿ ಹದಿನಾಲ್ಕು ತಿಂಗಳು ಇದ್ದು, ಉಗರಗೋಳದ ಅಣ್ಣನ ಮನೆಗೆ ವಾಪಸು ಬಂದಿದ್ದೆ. ಗಂಡನ ಆ ಮನೆಯಲ್ಲಿ ಮಾತಿಗಿಂತ ಕೈ ಮುಂದಾಗುತ್ತಿತ್ತು. ಇದಕ್ಕಿಂತ ಹೆಚ್ಚು ಹೇಳುವ ಮನಸ್ಸಿಲ್ಲ. ಅಣ್ಣ ಕೆಟ್ಟವನಲ್ಲ. ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರಿಗೆ ಭಂಡಾರದ ಅರಿಸಿನ, ಕುಂಕುಮ, ಬಳೆ ಮಾರಿಕೊಂಡಿದ್ದವನು. ಆದರೆ ಅಂಗಡಿಗೆ ಬಂದ ಬೀಗರು ಬಿಜ್ಜರೆಲ್ಲ ತಂಗಿ ಇನ್ನೂ ಇಲ್ಲೇ ಇದ್ದಾಳೆಯೇ ಎಂದು ಕೇಳಿದರೆ ಅವನಾದರೂ ಎಷ್ಟು ದಿನ ಏನು ಹೇಳಿಯಾನು? ನೌಕರಿ ಸಿಕ್ಕರೆ ನಾನು ನನ್ನ ಕಾಲ ಮೇಲೆ, ಇಲ್ಲದಿದ್ದರೆ ಹಿರಿಯರು ಕೂಡಿ ನನ್ನನ್ನು ಅದೇ ಮನೆಗೆ ಬಿಟ್ಟು ಬರುವುದು. ಯಾರೂ ಬಾಯಿಬಿಟ್ಟು ಹೇಳದೆಯೇ ಇದು ನಮ್ಮ ಮನೆಯಲ್ಲಿ ನಿಶ್ಚಯವಾಗಿತ್ತು.

ಆಗಲೇ ಕೋರ್ಟಿನ ನೋಟೀಸ್ ಬೋರ್ಡಿನಲ್ಲಿ ಗುಮಾಸ್ತರ ಹುದ್ದೆಗಳ ಪ್ರಕಟಣೆ ಬಿತ್ತು. ಬೆಳಗಾವಿಯಲ್ಲಿ ಲಿಖಿತ ಪರೀಕ್ಷೆ: ಒಂದು ಉಕ್ತಲೇಖನ, ಒಂದು ಶುದ್ಧ ನಕಲು, ಒಂದು ಸಾಮಾನ್ಯ ಜ್ಞಾನ. ಅರ್ಜಿ ಮಾತ್ರ ಸ್ವಂತ ಕೈಬರಹದಲ್ಲೇ ಇರಬೇಕು. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಹಾಗಾಗಿ ನೇರ ಬೇವಿನ ಮರದ ಕೆಳಗೆ ಹೋಗಿ, ಕಾಕಾ, ಒಂದು ಅರ್ಜಿ ಬರೆದುಕೊಡಿ ಎಂದೆ. ಅವರು ಪ್ರಕಟಣೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

“ಪರೀಕ್ಷಾಕ್ಕ ಬೆಳಗಾಂವಿಗೆ ನನ್ನ ಕೈ ಕಡಕೊಂಡು ಒಯ್ತೀಯೇನ ಯವ್ವಾ? ನೀನ ಬರಿ. ಕೆಟ್ಟರ ಮತ್ತೊಂದು ಹಾಳಿ ಕೊಡತೇನಿ.”

ಏಳು ಹಾಳೆ ಕೆಡಿಸಿದೆ. ಎಂಟನೆಯದನ್ನು ಅವರು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಇದನ್ನು ಕಳಿಸಬಹುದು, ಆದರೆ ನಾಳೆ ಸಂಜೆಯಿಂದ ಇಲ್ಲಿಗೆ ಬಾ ಎಂದರು.

ಸಂಜೆ ಕೋರ್ಟು ಬಿಟ್ಟ ಮೇಲೆ ಆ ಮರದ ಕೆಳಗೆ ಇನ್ನೊಂದು ಕೋರ್ಟು ಶುರುವಾಗುತ್ತಿತ್ತು. ಸಿರಸಂಗಿಯಿಂದ ಬರುವ ಒಬ್ಬ ದರ್ಜಿ, ಗುರ್ಲಹೊಸೂರಿನ ಇಬ್ಬರು ಹುಡುಗರು, ನಾನು. ಆ ವರ್ಷ ನಾವು ನಾಲ್ಕೇ ಜನ. ಹಿಂದಿನ ವರ್ಷಗಳಲ್ಲಿ ಬೇರೆಯವರಿದ್ದರಂತೆ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಹಾಳೆ ಮಾತ್ರ ನಮ್ಮವು. ಕಾಕಾ ತಮ್ಮ ಕಟ್ಟಿಗೆ ಪೆಟ್ಟಿಗೆಯ ಮೇಲೆ ಕುಳಿತು ಉಕ್ತಲೇಖನ ಹೇಳುತ್ತಿದ್ದರು. ಪಠ್ಯಪುಸ್ತಕದ ಪಾಠವಲ್ಲ, ಹೊಲದ ಚಕ್ಕುಬಂದಿ. ಅಂದರೆ ಹೊಲದ ನಾಲ್ಕು ದಿಕ್ಕಿನ ಗಡಿ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿ ದಾರಿ, ಉತ್ತರಕ್ಕೆ ಅಣ್ಣನ ಹೊಲ, ದಕ್ಷಿಣಕ್ಕೆ ತಮ್ಮನ ಹೊಲ. ಹೇಳುತ್ತ ಹೇಳುತ್ತ ನಡುವೆ ಕೆಮ್ಮುವರು, ದಾರಿಯಲ್ಲಿ ಹೋಗುವವರನ್ನು ಮಾತಾಡಿಸುವರು, ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ. ಒಳಗೆ ಸಾಕ್ಷಿ ಹೇಳುವವನು ಅಳುತ್ತ ಹೇಳುತ್ತಾನೆ, ಗುಮಾಸ್ತ ಬರೆದುಕೊಳ್ಳಲೇಬೇಕಲ್ಲ ಎಂಬುದು ಅವರ ವಾದ. ಕಾಗುಣಿತ ತಪ್ಪಿದರೆ ನಗುತ್ತಿದ್ದರು. ದಿಕ್ಕು ತಪ್ಪಿಸಿದರೆ ಮಾತ್ರ ಸಿಟ್ಟು ನೆತ್ತಿಗೇರುತ್ತಿತ್ತು.

“ಅಕ್ಷರ ತಪ್ಪಿದರ ತಿದ್ದಬಹುದು. ದಿಕ್ಕ ತಪ್ಪಿದರ ಮೊಮ್ಮಕ್ಕಳ ತನಕಾ ತಾರೀಖ ಬೀಳತಾವ.”

ಅವರು ಇನ್ನೊಂದಕ್ಕೂ ಸಿಟ್ಟಾಗುತ್ತಿದ್ದರು. ನಮ್ಮ ಕಡೆ ಕಾಗದ ಎಂದರೆ ಮೇಲೆ ‘ಶ್ರೀ ಯಲ್ಲಮ್ಮ ಪ್ರಸನ್ನ’ ಎಂದು ಬರೆದೇ ಮುಂದಿನ ಮಾತು. ಅಗಸರಿಗೆ ಹಾಕಿದ ಬಟ್ಟೆಯ ಪಟ್ಟಿಗೂ ಅದೇ, ಲಗ್ನಪತ್ರಿಕೆಗೂ ಅದೇ. ಅಂಗಡಿಯ ಮನೆಯಲ್ಲಿ ಬೆಳೆದ ನನಗಂತೂ ಒಂದನೆಯ ಇಯತ್ತೆಯಿಂದ ಕೈಗೆ ಹತ್ತಿದ ರೂಢಿ. ಆದರೆ ಪರೀಕ್ಷೆಯ ನಿಯಮದಲ್ಲಿ ಸ್ಪಷ್ಟವಾಗಿ ಹೇಳಿತ್ತು: ಉತ್ತರ ಪತ್ರಿಕೆಯ ಮೇಲೆ ನಂಬರು ಬಿಟ್ಟು ಹೆಸರಾಗಲಿ, ಊರಾಗಲಿ, ದೇವರಾಗಲಿ, ಯಾವ ಗುರುತೂ ಇರಕೂಡದು, ಇದ್ದರೆ ಪತ್ರಿಕೆ ರದ್ದು. ನಾನು ಮೇಲೆ ಶ್ರೀಕಾರ ಹಾಕಿದಾಗಲೆಲ್ಲ ಕಾಕಾ ಹಾಳೆ ಕಿತ್ತು ಹರಿದು ಹಾಕುತ್ತಿದ್ದರು. ಎದುರಿನ ಹೂವಿನ ಅಂಗಡಿಯ ಅಜ್ಜಿ ಅದನ್ನು ನೋಡಿ, ವಿಭೂತಿ ಹಚ್ಚಿಕೊಂಡು ದೇವರ ಹೆಸರು ಹರಿಯುತ್ತಾನಲ್ಲ ಈ ಮುದುಕ ಎಂದು ಶಪಿಸುತ್ತಿದ್ದಳು.

“ನಿನ್ನ ಭಕ್ತಿ ನಿನ್ನ ಹಂತೇಕ ಇರಲಿ,” ಎಂದರು ಒಮ್ಮೆ ನನಗೆ. “ಪೇಪರ ತಿದ್ದಾವರಿಗೆ ನೀ ಗುಡ್ಡದ ಕಡಿಯಾಕಿ ಅಂತ ಯಾಕ ಹೇಳತಿ?”

ಪರೀಕ್ಷೆಯ ದಿನ ನಸುಕಿನ ಬಸ್ಸಿಗೆ ಬೈಲಹೊಂಗಲದ ಮೇಲೆ ಬೆಳಗಾವಿಗೆ ಹೋದೆ. ಉಕ್ತಲೇಖನ ಹೇಳಿದವರು ಕಾಕಾನಿಗಿಂತ ಎಷ್ಟೋ ನಿಧಾನ, ಕೆಮ್ಮಲೂ ಇಲ್ಲ. ಒಂದು ಅಕ್ಷರ ಬಿಡದೆ ಬರೆದೆ. ಮರುದಿನ ಸಂಜೆ ಹಿಗ್ಗಿನಿಂದ ಮರದ ಕೆಳಗೆ ಹೋದಾಗ ಕಾಕಾ ತಮ್ಮ ವಾಡಿಕೆಯಂತೆ, ಏನೇನು ಬರೆದೆ, ಮೇಲಿನಿಂದ ಹೇಳುತ್ತ ಬಾ ಎಂದರು. ಕಣ್ಣು ಮುಚ್ಚಿ ಆ ಹಾಳೆಯನ್ನು ನೆನಪಿಸಿಕೊಂಡು ಒಪ್ಪಿಸತೊಡಗಿದೆ. ಬಾಯಿಂದ ಬಂದ ಮೊದಲ ಮಾತೇ “ಶ್ರೀ ಯಲ್ಲಮ್ಮ ಪ್ರಸನ್ನ.” ನನಗೇ ಕೇಳಿಸಿ ನಿಂತುಬಿಟ್ಟೆ. ಕಾಕಾ ಕನ್ನಡಕ ತೆಗೆದು ಮೊಣಕಾಲ ಮೇಲಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಚಹಾ ತರಿಸಿ, ಮೊದಲು ಇದನ್ನು ಕುಡಿ ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪಟ್ಟಿಯಲ್ಲಿ ಸಿರಸಂಗಿಯ ದರ್ಜಿಯ ನಂಬರು ಇತ್ತು, ನನ್ನದು ಇರಲಿಲ್ಲ.

ಆ ಸುದ್ದಿ ಗಂಡನ ಮನೆಗೆ ಮುಟ್ಟಲು ತಡವಾಗಲಿಲ್ಲ. ಹಿರಿಯರು ಬಂದರು, ಊಟ ಮಾಡಿದರು, ಎಲೆಅಡಿಕೆ ಹಾಕಿಕೊಂಡರು, ಆದದ್ದಾಯಿತು ಎಂದರು. ರಾಜಿ ಪತ್ರ ಬರೆಸಿಕೊಂಡು ನನ್ನನ್ನು ಕಳಿಸಿಕೊಡುವುದು ಎಂದು ತೀರ್ಮಾನವಾಯಿತು. ಮುಂದಿನ ಪರೀಕ್ಷೆಗೆ ಪ್ರಕಟಣೆ ಆಗಲೇ ಬಂದಿತ್ತು, ಇನ್ನು ಎರಡು ತಿಂಗಳಷ್ಟೇ ಎಂದು ನಾನು ಅಣ್ಣನಿಗೆ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಮರುದಿನ ನನ್ನನ್ನೂ ಕರೆದುಕೊಂಡು, ಇಬ್ಬರು ಹಿರಿಯರ ಸಮೇತ ಸವದತ್ತಿಗೆ ಬಂದ. ಬರೆಸಲು ಹೋದದ್ದು ಮತ್ತಾರ ಹತ್ತಿರವೂ ಅಲ್ಲ, ಕಾಕಾನ ಹತ್ತಿರ.

ಕಾಕಾ ಎಲ್ಲವನ್ನೂ ಕೇಳಿಸಿಕೊಂಡರು. ಹಾಳೆ ತೆಗೆದರು, ಕಾರ್ಬನ್ ಸೇರಿಸಿದರು, ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು.

“ಇದು ನಿನ್ನ ಮಾತೇನ ಯವ್ವಾ?”

ತಲೆ ಅಲ್ಲಾಡಿಸಿದೆ, ಅಲ್ಲವೆಂದು. ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಯಾಕೋ ಕೈ ಭಾಳ ನೋಯತೈತಿ ನೋಡ್ರಿ, ವಯಸ್ಸಾತು, ಇವತ್ತ ಬರಿಯಾಕ ಆಗೂದಿಲ್ಲ ಎಂದರು. ಮೂವತ್ತು ವರ್ಷದಲ್ಲಿ ಒಂದು ದಿನವೂ ನೋಯದ ಕೈ ಅದು. ಹಿರಿಯರು ಪಕ್ಕದವನ ಮುಂದೆ ಹೋಗಿ ಕುಳಿತರು. ಅವನು ಕಾಕಾನ ಕಡೆ ಒಮ್ಮೆ ನೋಡಿ, ತನಗೂ ಬೆಳಗಿನಿಂದ ಮಣಿಕಟ್ಟು ಹಿಡಿದಿದೆ ಎಂದ. ಮೂರನೆಯವನು ಅವರು ಎದ್ದು ಬರುವುದನ್ನು ನೋಡಿ ತಾನೇ ಪೆಟ್ಟಿಗೆ ಮುಚ್ಚಿ ಚಹಾಕ್ಕೆ ನಡೆದ. ಆ ದಿನ ಬೇವಿನ ಕೆಳಗೆ ಎಲ್ಲರ ಕೈಗೂ ಒಂದೇ ರೋಗ. ವಾಪಸು ಬರುವಾಗ ಟೆಂಪೋದಲ್ಲಿ ಅಣ್ಣ, ಆ ಪರೀಕ್ಷೆ ಆಗಿಹೋಗಲಿ, ಆಮೇಲೆ ನೋಡೋಣ ಎಂದು ಹಿರಿಯರಿಗೆ ಹೇಳಿದ. ಅವನಿಗೂ ಅಷ್ಟೇ ನೆಪ ಬೇಕಾಗಿತ್ತೇನೋ. ಕಾಕಾನ ಕೈ ಮರುದಿನವೇ ನೆಟ್ಟಗಾಯಿತು.

ಈ ಸಲ ಹಾಳೆ ಹರಿಯುವುದನ್ನು ಅವರು ಬಿಟ್ಟರು. ಹರಿದರೆ ನಿನ್ನ ರೂಢಿ ಹೋಗುವುದಿಲ್ಲ, ಅದಕ್ಕೊಂದು ಜಾಗ ಕೊಡಬೇಕು ಎಂದರು. ಪೆನ್ನು ಮುಟ್ಟುವ ಮೊದಲು, ಮೇಜಿನ ಕಟ್ಟಿಗೆಯ ಮೇಲೆ ಬರೀ ಬೆರಳಿನಿಂದ ಶ್ರೀಕಾರ ಬರೆ, ಪೂರ್ತಿ ಬರೆ, ಅವಸರ ಮಾಡಬೇಡ, ಆಮೇಲೆ ಪೆನ್ನು ತೆಗೆದುಕೋ. ಎರಡು ತಿಂಗಳು ದಿನಾ ಸಂಜೆ ಅವರ ಪೆಟ್ಟಿಗೆಯ ಮೇಲೆ ಅದನ್ನೇ ಮಾಡಿಸಿದರು. ಹೂವಿನ ಅಜ್ಜಿಗೂ ಸಮಾಧಾನವಾಗಿ, ಒಂದು ದಿನ ನನಗೆ ಮಲ್ಲಿಗೆ ಕೊಟ್ಟಳು.

ಬೆಳಗಾವಿಯ ಪರೀಕ್ಷೆಯ ಕೋಣೆಯಲ್ಲಿ ನನ್ನ ಬೆರಳು ಮೇಜಿನ ಮೇಲೆ ಓಡಾಡುವುದನ್ನು ನೋಡಿ ಮೇಲ್ವಿಚಾರಕಿ ಹತ್ತಿರ ಬಂದು ಬಗ್ಗಿದರು. ಮೇಜಿನ ಮೇಲೆ ಏನೂ ಇರಲಿಲ್ಲ. ನಕ್ಕು ಮುಂದೆ ಹೋದರು. ನನ್ನ ಹಾಳೆಯ ತಲೆ ಕೊನೆಯವರೆಗೆ ಖಾಲಿಯೇ ಉಳಿಯಿತು. ಅದನ್ನು ಕೊಡುವ ಮೊದಲು ನಾಲ್ಕು ಸಲ ನೋಡಿದೆ.

ನೌಕರಿ ಸಿಕ್ಕಿತು, ರಾಮದುರ್ಗಕ್ಕೆ ಹಾಕಿದರು. ಪೇಢೆ ತೆಗೆದುಕೊಂಡು ಕಾಕಾನ ಹತ್ತಿರ ಹೋದೆ. ಕಾಲು ಮುಟ್ಟಲು ಬಗ್ಗಿದರೆ ಕಾಲು ಹಿಂದೆ ಸರಿಸಿದರು. ಹಿಗ್ಗು ಮುಖದಲ್ಲಿ ಕಾಣಬಾರದೆಂದು ಪೆಟ್ಟಿಗೆಯೊಳಗೆ ಏನನ್ನೋ ಹುಡುಕುತ್ತ ಹೇಳಿದರು:

“ಒಳಗ ನಿನಗ ಕುರ್ಚಿ ಐತಿ ಇನ್ನ. ಹೊರಗ ನಿಂತಾವರನ್ನ ಸುಮ್ಮಸುಮ್ಮನ ನಿಂದರಿಸಬ್ಯಾಡ.”

ನನ್ನ ಹಾಗೆ ಒಳಗೆ ಹೋದವರು ಎಷ್ಟೋ ಮಂದಿ. ಆದರೆ ಕಾಕಾ ಯಾರ ಹತ್ತಿರವೂ ಒಂದು ಕಾಗದ ಬೇಗ ಮಾಡಿಕೊಡು ಎಂದು ಕೇಳಿದವರಲ್ಲ. ಮುಂದೆ ನನಗೆ ಸವದತ್ತಿಗೇ ವರ್ಗವಾಗಿ ಮೂರು ವರ್ಷ ನಕಲು ವಿಭಾಗದಲ್ಲಿದ್ದಾಗ ಅವರೂ ಕಕ್ಷಿದಾರರ ಸಂಗಡ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ಮುಂದೆ ಬನ್ನಿ ಕಾಕಾ ಎಂದರೆ ಕಿವಿ ಕೇಳಿಸದವರಂತೆ ಗೋಡೆ ನೋಡುವರು. ತಮ್ಮ ಸರತಿ ಬಂದಾಗ ಮಾತ್ರ, ನಮಸ್ಕಾರರಿ ಮೇಡಮ್ಮಾರ ಎಂದು ಕೈಮುಗಿದು ನನ್ನನ್ನು ಇಡೀ ವಿಭಾಗದ ಮುಂದೆ ನಾಚಿಸುವರು. ಮರುಕ್ಷಣ ದನಿ ಇಳಿಸಿ, ಊಟ ಆತೇನ ಯವ್ವಾ ಎಂದು ಕೇಳುವರು.

ಎರಡು ಸಾವಿರದ ನಂತರ ಊರಲ್ಲಿ ಕಂಪ್ಯೂಟರ್ ಅಂಗಡಿಗಳಾದವು. ಜನ ಅರ್ಜಿಗಳನ್ನು ಟೈಪು ಮಾಡಿಸತೊಡಗಿದರು. ಮರದ ಕೆಳಗಿನ ಮೂವರಲ್ಲಿ ಇಬ್ಬರು ಎದ್ದುಹೋದರು. ಕಾಕಾ ಕೂಡುತ್ತಲೇ ಇದ್ದರು, ಕಣ್ಣಿಗೆ ಪೊರೆ ಬಂದ ಮೇಲೂ. ಹಗಲು ಗಿರಾಕಿ ಇರುತ್ತಿರಲಿಲ್ಲ. ಸಂಜೆ ಮಾತ್ರ ನಾಲ್ಕಾರು ಹುಡುಗ ಹುಡುಗಿಯರು ಹಾಳೆ ಹಿಡಿದುಕೊಂಡು ಬರುತ್ತಿದ್ದರು. ಚಕ್ಕುಬಂದಿ ಕಾಕಾನಿಗೆ ಬಾಯಿಪಾಠವೇ ಇತ್ತಲ್ಲ, ಕಣ್ಣು ಏಕೆ ಬೇಕು.

ಅವರು ತೀರಿಕೊಂಡಾಗ ನಾನು ಬೈಲಹೊಂಗಲದಲ್ಲಿದ್ದೆ. ಆಫೀಸಿಗೆ ಫೋನು ಬಂತು, ಹೊರಟೆ, ಮುಟ್ಟುವ ಹೊತ್ತಿಗೆ ಮಣ್ಣು ಕೊಟ್ಟಾಗಿತ್ತು. ಮುಖ ನೋಡಲಾಗಲಿಲ್ಲ ಎಂಬ ಕೊರಗು ಇಂದಿಗೂ ಹೋಗಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಅವರ ಮನೆಗೆ ಹೋದಾಗ ಮಗ ಪುರಸಭೆಯಿಂದ ಮರಣ ನೋಂದಣಿಯ ಫಾರಂ ತಂದಿಟ್ಟುಕೊಂಡಿದ್ದ. ಅಪ್ಪ ಇರುವಾಗ ನಾವ್ಯಾರೂ ಮನೆಯಲ್ಲಿ ಒಂದು ಫಾರಂ ತುಂಬಿದವರಲ್ಲ, ನೀವೇ ತುಂಬಿ ಅಕ್ಕಾ ಎಂದು ನನ್ನ ಮುಂದೆ ಸರಿಸಿದ. ಹೆಸರು ಬರೆದೆ, ವಯಸ್ಸು ಬರೆದೆ. ಉದ್ಯೋಗ ಎಂಬ ಕಾಲಂನಲ್ಲಿ ಅರ್ಜಿ ಬರೆಯುವುದು ಎಂದು ಬರೆಯಲು ಹೊರಟಾಗ, ಗೋಡೆಗೆ ಒರಗಿ ಕುಳಿತಿದ್ದ ಕಾಕು ತಡೆದರು.

“ಮಾಸ್ತರ ಅಂತ ಬರಿಯವ್ವಾ.”

ಮಗನಿಗೆ ಇರಿಸುಮುರಿಸಾಯಿತು. ಅಪ್ಪ ಯಾವ ಸಾಲಿಯಲ್ಲಿ ಕಲಿಸಿದ್ದರು, ಹಾಗೆಲ್ಲ ಬರೆದರೆ ಪುರಸಭೆಯವರು ದಾಖಲೆ ಕೇಳುತ್ತಾರೆ ಎಂದ. ಅವನು ಹೇಳಿದ್ದು ನ್ಯಾಯವೇ. ಅಷ್ಟು ವರ್ಷ ಕೋರ್ಟಿನ ಕಿಟಕಿಯ ಹಿಂದೆ ಕುಳಿತು ಬಂದವರನ್ನೆಲ್ಲ ನಾನೂ ಅದನ್ನೇ ಕೇಳಿದವಳು.

“ಕೇಳಿದರ ನನ್ನ ಕರಿ,” ಎಂದೆ. “ದಾಖಲೆ ನಾನ ಅದೇನಿ.”

ಮಾಸ್ತರರು ಎಂದು ಬರೆದೆ. ಪುರಸಭೆಯವರು ಏನೂ ಕೇಳದೆ ಠಸೆ ಒತ್ತಿ ತೆಗೆದುಕೊಂಡರಂತೆ. ಒಮ್ಮೆ ಕೇಳಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.