ಗವಿಸಿದ್ದಪ್ಪನ ಬಣ್ಣದ ನೀರು

ಗಜೇಂದ್ರಗಡದ ನಮ್ಮ ಓಣಿಯಲ್ಲಿ ನೇಕಾರರ ನೂಲಿಗೆ ಬಣ್ಣ ಹಾಕುವವನು ಗವಿಸಿದ್ದಪ್ಪ. ಐವತ್ತೆಂಟರ ಆಳು. ಎರಡೂ ಕೈ ಮೊಣಕೈವರೆಗೆ ಕೆಂಪು, ಎಷ್ಟು ತಿಕ್ಕಿದರೂ ಹೋಗದ ಕೆಂಪು. ಮದುವೆ ಊಟದಲ್ಲಿ ಪಕ್ಕಕ್ಕೆ ಕುಳಿತ ಹೊಸಬರು ಆ ಕೈ ನೋಡಿ ತಮ್ಮ ಎಲೆಯನ್ನು ತುಸು ಆಚೆ ಎಳೆದುಕೊಳ್ಳುತ್ತಿದ್ದರು. ಅಂಥವರಿಗೆ ಅವನು ಬೇಕೆಂದೇ ತನ್ನ ಕೈಯಾರೆ ಹೋಳಿಗೆ ಬಡಿಸಿ, "ಉಣ್ರಿ, ನಾಚಬ್ಯಾಡ್ರಿ" ಎನ್ನುತ್ತಿದ್ದ.

ಅವನ ಹಿತ್ತಲಲ್ಲಿ ಮೂರು ಹಂಡೆ. ನೂಲಿನ ಲಡಿಗಳನ್ನು ಬಣ್ಣದಲ್ಲಿ ಅದ್ದಿ, ಜಾಲಾಡಿಸಿ, ಉಳಿದ ನೀರನ್ನು ಗಟಾರಕ್ಕೆ ಚೆಲ್ಲುವುದು ಅವನ ಅಜ್ಜನ ಕಾಲದ ಪದ್ಧತಿ. ಗಟಾರ ಕೆಂಪಾದರೆ ಸೀರೆಯ ಅಂಚಿನ ನೂಲು ತಯಾರು, ಹಳದಿಯಾದರೆ ಒಡಲಿನದು ಎಂದು ಓಣಿಯ ಹೆಂಗಸರು ಕಟ್ಟೆಯ ಮೇಲೆ ಕುಳಿತೇ ಹೇಳುತ್ತಿದ್ದರು.

ಓಣಿಯ ತಗ್ಗಿನ ತುದಿಯಲ್ಲಿ ಖಾಜಾಬಿಯ ಮನೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಆಕೆ ಅನ್ನದ ತಾಟು ಹಿಡಿದುಕೊಂಡು ಗವಿಸಿದ್ದಪ್ಪನ ಬಾಗಿಲಿಗೆ ಬಂದಳು. ಅನ್ನ ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

"ನೋಡ್ರಿ ಅಣ್ಣಾ, ನಮ್ಮ ಬೋರಿನ ನೀರು ಹಾಕಿ ಮಾಡಿದ್ದು."

"ಬ್ಯಾರೆಯವ್ರು ರೊಕ್ಕ ಕೊಟ್ಟು ಕೇಸರಿ ತರ್ತಾರ, ಖಾಜಾಬಕ್ಕಾ. ನಿಮಗ ಪುಕ್ಕಟ ಬಂದೈತಿ" ಎಂದ ಗವಿಸಿದ್ದಪ್ಪ.

ಖಾಜಾಬಿ ನಗಲಿಲ್ಲ. ಮರುದಿನವೇ ಅರ್ಜಿ ಬರೆಸಿಕೊಂಡು ಬಸ್ಸು ಹತ್ತಿ ಗದಗಕ್ಕೆ ಹೋಗಿ ಕೊಟ್ಟು ಬಂದಳು.

ವಾರ ಕಳೆಯುವುದರೊಳಗೆ ಪರಿಸರದ ಕಚೇರಿಯಿಂದ ವಿಜಯಲಕ್ಷ್ಮಿ ಎಂಬ ಅಧಿಕಾರಿ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಮಾತ್ರ ಗಟ್ಟಿ. ತುಂಬಲು ಒಂದು ಅರ್ಜಿ ನಮೂನೆ ಕೊಟ್ಟರು. 'ಹೊರಬಿಡುವ ನೀರಿನ ಬಣ್ಣ' ಎಂಬಲ್ಲಿ ಗವಿಸಿದ್ದಪ್ಪ 'ಮದುಮಗಳ ಅವ್ವ ಹೇಳಿದಂಗ' ಎಂದು ಬರೆದ. 'ನೀರು ಸೇರುವ ಸ್ಥಳ' ಎಂಬಲ್ಲಿ 'ಖಾಜಾಬಿ ಅವರ ಅಡಿಗಿಮನಿ'. ಅಧಿಕಾರಿ ಓದಿ, ನಗು ತಡೆಯಲು ತುಟಿ ಕಚ್ಚಿಕೊಂಡರು.

"ಹಿಂಗ ಖರೇ ಬರದವ್ರು ನೀವೊಬ್ಬರ" ಎಂದು ಹೇಳಿ, ತಿಂಗಳೊಳಗೆ ಗುಂಡಿ ತೋಡಿ ನೀರು ಸೋಸಿ, ಗಟಾರಕ್ಕೆ ಬಣ್ಣ ಬಿಡುವುದು ನಿಲ್ಲಿಸಬೇಕು, ಇಲ್ಲವಾದರೆ ಹಂಡೆ ಮುಚ್ಚಬೇಕು ಎಂಬ ನೋಟಿಸು ಕೈಗಿಟ್ಟರು.

ಊರಿನ ಉಳಿದ ಇಬ್ಬರು ಬಣ್ಣದವರಿಗೂ ಅದೇ ನೋಟಿಸು ಹೋಯಿತು. ನಿಂಗಪ್ಪ ಹಂಡೆ ಮಾರಿ ರೋಣದಲ್ಲಿ ಮಿರ್ಚಿ ಅಂಗಡಿ ಇಟ್ಟ. ಮುನಾವರ ಬಾಗಿಲು ಹಾಕಿ ಸುಮ್ಮನೆ ಕುಳಿತ. ನೇಕಾರರು ಹೊರಗಿನಿಂದ ಬಣ್ಣ ಹಾಕಿದ ನೂಲನ್ನೇ ತರಿಸತೊಡಗಿದರು. ಗವಿಸಿದ್ದಪ್ಪನೂ ಹಂಡೆ ಮುಚ್ಚಿ ಮನೆಯ ಮಗ್ಗಕ್ಕೆ ಹೊರಗಿನ ನೂಲನ್ನೇ ತರಿಸುವ ಯೋಚನೆಯಲ್ಲಿದ್ದ. ಆದರೆ ಮಗ್ಗದಲ್ಲಿ ಕೂರುವವಳು ಅವನ ಹೆಂಡತಿ ಅನ್ನವ್ವ. ಹೊರಗಿನ ಹಳದಿ ಲಡಿ ಬಿಚ್ಚಿ ನೋಡಿ ಅವಳು ಮುಖ ಸಿಂಡರಿಸಿದಳು.

"ಇದನ್ನ ನೇಯ್ದ್ರ ಸೀರಿಗೆ ಕಾಮಾಲಿ ಆಗೇತಿ ಅಂತಾರ. ನೀವು ತಗ್ಗು ತೋಡ್ರಿ, ಇಲ್ಲಾ ನಾ ಮಗ್ಗ ಬಿಡತೇನಿ."

ಹೀಗಾಗಿ ಹಿತ್ತಲಲ್ಲಿ ಮೂರು ಗುಂಡಿ ಬಿದ್ದವು. ಮೊದಲನೆಯದರಲ್ಲಿ ಸುಣ್ಣ ಹಾಕಿದ ನೀರು ತಿಳಿಯಾಗಬೇಕು, ಎರಡನೆಯದರಲ್ಲಿ ಉಸುಕು ಮತ್ತು ಇದ್ದಿಲಿನ ನಡುವೆ ಸೋಸಬೇಕು, ಮೂರನೆಯದರಿಂದ ತಿರುಗಿ ಹಂಡೆಗೆ ಬರಬೇಕು. ಅಗೆಯುವಾಗ ಗವಿಸಿದ್ದಪ್ಪ ಸರ್ಕಾರವನ್ನೂ ಖಾಜಾಬಿಯನ್ನೂ ಸರದಿಯ ಮೇಲೆ ಬೈದ. ಆದರೆ ಆಕೆ ಮನೆಯಲ್ಲಿಲ್ಲದ ಹೊತ್ತು ನೋಡಿ ಹೋಗಿ, ಬೋರು ಜಗ್ಗಿ, ಬೊಗಸೆಯಲ್ಲಿ ನೀರು ಹಿಡಿದು ಬಿಸಿಲಿಗೆ ಒಡ್ಡಿ ನೋಡುತ್ತಿದ್ದುದನ್ನು ನಾವು ಕಂಡಿದ್ದೇವೆ.

ಎರಡು ತಿಂಗಳು ಗಟಾರಕ್ಕೆ ಬಣ್ಣವೇ ಬರಲಿಲ್ಲ. ಮೂರನೆಯ ತಿಂಗಳು ಒಂದು ಮುಂಜಾನೆ ಹಚ್ಚ ಹಸಿರು ನೀರು ಹರಿಯಿತು. ಖಾಜಾಬಿ ಫೋನು ಮಾಡಿದಳು, ಮಧ್ಯಾಹ್ನಕ್ಕೆ ಜೀಪು ಬಂತು.

"ನಿಮ್ಮ ಹೆಸರೊಂದ ಐತ್ರಿ ನನ್ನ ಪಟ್ಟಿಯೊಳಗ. ಈಗ ಏನ್ ಹೇಳ್ತೀರಿ?" ಎಂದರು ವಿಜಯಲಕ್ಷ್ಮಿ.

ಗವಿಸಿದ್ದಪ್ಪ ಒಂದು ಬಿಳಿ ಲಡಿ ತಂದು ಗಟಾರದ ನೀರಿನಲ್ಲಿ ಅದ್ದಿದ. ಲಡಿ ಹಸಿರಾಯಿತು. ಕೊಡದ ನೀರು ಸುರಿದು ಎರಡು ಸಲ ಹಿಂಡಿದ. ಮತ್ತೆ ಬೆಳ್ಳಗಾಯಿತು.

"ನೂಲಿನ ಬಣ್ಣ ಆಗಿದ್ರ ನೂಲು ಬಿಡತಿದ್ದಿಲ್ರಿ. ಇದು ಗ್ವಾಡಿಗೆ ಬಳಿಯೂ ಬಣ್ಣ. ಬರ್ರಿ, ಮ್ಯಾಲೆ ಹೋಗಿ ನೋಡೂಣು."

ಅಧಿಕಾರಿ, ಖಾಜಾಬಿ, ಅರ್ಧ ಓಣಿ ಅವನ ಹಿಂದೆ ಗಟಾರದ ಗುಂಟ ಏರಿತು. ಮೇಲೆ ಒಂದು ಖಾಲಿ ನಿವೇಶನದ ಕಂಪೌಂಡು. ಅದರ ಮೇಲೆ ಆಳೆತ್ತರದ ಹಸಿರು ಅಕ್ಷರಗಳಲ್ಲಿ 'ನೀರನ್ನು ಕಾಪಾಡಿ, ಪರಿಸರ ಉಳಿಸಿ' ಎಂದು ಬರೆದಿತ್ತು. ಕೆಳಗೆ ಪೇಂಟರುಗಳು ಬಕೆಟ್ಟುಗಳನ್ನು ಗಟಾರಕ್ಕೆ ಬಗ್ಗಿಸಿ ತೊಳೆಯುತ್ತಿದ್ದರು. ಬರೆಸಿದವನು ಹಸಿರು ಗೆಳೆಯರ ಬಳಗದ ಅಧ್ಯಕ್ಷ ಶಿವನಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಿಂತಿದ್ದ.

"ಇದು ಪರಿಸರದ ಸಲುವಾಗಿ ತಂದ ಬಣ್ಣ ಐತ್ರಿ ಮೇಡಂ, ಏನೂ ತ್ರಾಸಿಲ್ಲ" ಎಂದ.

"ಹಂಗಾರ ಒಂದು ಗ್ಲಾಸ್ ಕುಡೀರಿ" ಎಂದಳು ಖಾಜಾಬಿ.

ಅಧಿಕಾರಿ ನಗಲಿಲ್ಲ. ತೊಳೆದ ನೀರೆಲ್ಲ ಗವಿಸಿದ್ದಪ್ಪನ ಗುಂಡಿಗೇ ಹೋಗಬೇಕು ಎಂದರು. ಗವಿಸಿದ್ದಪ್ಪ ಗಲ್ಲ ಕೆರೆದುಕೊಂಡ.

"ಬರ್ಲಿ. ಆದ್ರ ಗ್ವಾಡಿ ಬಣ್ಣ ಇದ್ದಿಲಕ್ಕ ಮೆತ್ತಿಕೊಳ್ಳತೈತಿ. ಅಧ್ಯಕ್ಷರು ಬಂದು ಉಸುಕು, ಇದ್ದಿಲ ಹೊಸಾದು ಹಾಕಬೇಕು, ತಮ್ಮ ಕೈಯಾರೆ."

ಶಿವನಪ್ಪ ಬಕೆಟ್ಟು ಹೊತ್ತು ಇಡೀ ಓಣಿ ಇಳಿದದ್ದನ್ನು ಕಟ್ಟೆಯ ಹೆಂಗಸರು ಮದುವೆ ಮೆರವಣಿಗೆ ನೋಡಿದಂತೆ ನೋಡಿದರು. ಮರುದಿನ ಅವನು ಗುಂಡಿಗಿಳಿದು ಉಸುಕು ತೆಗೆಯುವಾಗ ಗವಿಸಿದ್ದಪ್ಪ ಮೇಲೆ ಕುರ್ಚಿ ಹಾಕಿಕೊಂಡು ಕುಳಿತು, "ಮೂಲಿಯೊಳಗ ಇನ್ನೂ ಉಳದೈತ್ರಿ ಅಧ್ಯಕ್ಷರ" ಎನ್ನುತ್ತಿದ್ದ. ಆದರೆ ಚಹಾ ಎರಡು ಸಲ ಕೊಟ್ಟ.

ಈಗ ಮುನಾವರ ತನ್ನ ಹಂಡೆಯನ್ನು ಗವಿಸಿದ್ದಪ್ಪನ ಹಿತ್ತಲಿಗೇ ತಂದಿದ್ದಾನೆ, ವಾರಕ್ಕೆ ಮೂರು ದಿನ ಅವನ ಪಾಳಿ. ನಿಂಗಪ್ಪ ತಿರುಗಿ ಬರಲಿಲ್ಲ. ಖಾಜಾಬಿಯ ಬೋರು ತಿಳಿಯಾಗಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಅಲ್ಲಿಯವರೆಗೆ ಆಕೆಗೆ ಕುಡಿಯುವ ನೀರಿನ ಕೊಡಗಳನ್ನು ಗವಿಸಿದ್ದಪ್ಪನೇ ಸೈಕಲ್ಲಿನ ಮೇಲೆ ಮುಟ್ಟಿಸಿದ. ಕೇಳಿದರೆ, "ಡಾಕ್ಟರು ಸೈಕಲ್ ತುಳೀರಿ ಅಂದಾರ" ಎನ್ನುತ್ತಿದ್ದ.

ಒಂದು ಪೇಚು ಮಾತ್ರ ಉಳಿದಿದೆ. ಗುಂಡಿಯ ತಳದಲ್ಲಿ ಕೂಡುವ ಬಣ್ಣದ ರಾಡಿಯನ್ನು ಒಣಗಿಸಿ ಎಲ್ಲಿಗೆ ಒಯ್ಯಬೇಕು ಎಂದು ಅವನು ಕಚೇರಿಗೆ ಬರೆದು ಏಳು ತಿಂಗಳಾಯಿತು. ಗಟಾರಕ್ಕೆ ಹಾಕುವಂತಿಲ್ಲ, ಹೊಲಕ್ಕೂ ಹಾಕುವಂತಿಲ್ಲ. ಚೀಲ ತುಂಬಿ, ಬಾಯಿ ಹೊಲಿದು, ಪಡಸಾಲೆಯಲ್ಲಿ ಗೋಡೆಗುಂಟ ಒಟ್ಟಿ ಮೇಲೆ ಜಮಖಾನೆ ಹಾಸಿದ್ದಾನೆ. ಹೋದ ವಾರ ವಿಜಯಲಕ್ಷ್ಮಿ ಬಂದವರು ಅದರ ಮೇಲೆಯೇ ಕುಳಿತು ಚಹಾ ಕುಡಿದರು.

"ಚಲೋ ಐತಲ್ರಿ ಕುಂದ್ರಾಕ. ಏನೈತ್ರಿ ಇದರಾಗ?"

"ನಿಮ್ಮ ಕಚೇರಿ ಉತ್ತರ ಬರೂತನಕ ಕುಂತಾವ್ರಿ ಮೇಡಂ. ನೀವೂ ಕುಂದರ್ರಿ."