ಎದೆಯ ಟಾಕಿ ತುಂಬುವ ಹೊತ್ತು

ಎದೆಯ ಮೇಲೆ ತಣ್ಣನೆಯ ಜೆಲ್ ಬಿದ್ದೊಡನೆ ಮೈ ಜುಮ್ಮೆಂದಿತು. "ಎಡಕ್ಕ ಹೊರಳ್ರಿ, ಉಸಿರು ಹಿಡೀರಿ" ಎಂದರು ಡಾಕ್ಟರು. ಯಂತ್ರದಿಂದ, ನಳಕ್ಕೆ ನೀರು ಬರುವಾಗಿನಂತೆ, ಭುಸ್ ಭುಸ್ ಎಂದು ಸದ್ದು ಬಂತು. ನನ್ನದೇ ಹೃದಯದ ಸದ್ದೆಂದು ಹೆದರಬೇಕಾದವಳು ಫಕ್ಕನೆ ನಕ್ಕುಬಿಟ್ಟೆ. ನಮ್ಮ ಶರಣಪ್ಪ ಕಾಕಾನನ್ನು ಬಲ್ಲವರಾಗಿದ್ದರೆ ನೀವೂ ನಗುತ್ತಿದ್ದಿರಿ.

ಕಾಕಾ ನನ್ನ ಅಪ್ಪನ ತಮ್ಮ. ಚಿತ್ತಾಪುರದಲ್ಲಿ ಓಣಿ ಓಣಿಗೆ ನಳದ ನೀರು ಬಿಡುವವನು. ವಾಲ್ವ್ ತಿರುವುವ ಉದ್ದನೆಯ ಕಬ್ಬಿಣದ ಚಾವಿ ಸದಾ ಹೆಗಲ ಮೇಲೆ. ಆ ಚಾವಿಯ ತುದಿಗೆ ಕಿವಿ ಹಚ್ಚಿ, ನೀರು ಯಾರ ಮನೆಯತನಕ ಹೋಯಿತೆಂದು ಹೇಳುತ್ತಿದ್ದ. ದಿನಾ ಮುಂಜಾನೆ ಎತ್ತರದ ನೀರಿನ ಟಾಕಿಯ ಏಣಿ ಹತ್ತಿ ಒಳಗೆ ಇಣುಕದಿದ್ದರೆ ಅವನಿಗೆ ಚಹಾ ಇಳಿಯುತ್ತಿರಲಿಲ್ಲ. ನೀರಿನ ಮಟ್ಟ ತೋರಿಸಲು ಕೆಳಗೇ ಒಂದು ಗೇಜು ಇತ್ತು. ಅದನ್ನು ನಂಬು ಎಂದರೆ, "ಸಾಲಿ ಟೀಚರ್ ನೀನು, ಬರೆದದ್ದೆಲ್ಲ ನಂಬೋ ಚಟ ನಿನಗ" ಎಂದು ನನ್ನನ್ನೇ ಹಂಗಿಸುತ್ತಿದ್ದ.

ಎರಡು ವರ್ಷದ ಹಿಂದೆ ಏಣಿಯ ನಡುವೆಯೇ ಅವನಿಗೆ ದಮ್ಮು ಹತ್ತತೊಡಗಿತು. ಕಾಕಿ ಹಟ ಹಿಡಿದು ಸೇಡಂಗೆ ಹೊರಡಿಸಿದಳು. ಅಲ್ಲಿ ವಾರಕ್ಕೊಮ್ಮೆ ಹೃದಯದ ಡಾಕ್ಟರು ಬರುತ್ತಾರೆ. ಜೊತೆಗೆ ನಾನೂ ಹೋದೆ. ಕಾಕಾನಿಗೆ ಸಾವಿನ ಹೆದರಿಕೆ ಇರಲಿಲ್ಲ. ಇನ್ನು ಏಣಿ ಹತ್ತಬೇಡ ಎಂದುಬಿಟ್ಟರೆ? ಅದೊಂದೇ ಹೆದರಿಕೆ.

ಸ್ಕ್ಯಾನ್ ಮಾಡಿದ ಡಾಕ್ಟರು, "ರಕ್ತ ಹೊರಗ ತಳ್ಳೋದು ಛಲೋ ಅದ. ಆದ್ರ ಎದಿಯ ಎಡಗಡಿ ದೊಡ್ಡ ಖೋಲಿ ಸರಿಯಾಗಿ ತುಂಬ್ಲಿಕತ್ತಿಲ್ಲ" ಎಂದರು. ಗುಳಿಗೆ ಬರೆದರು. ಉಪ್ಪು ಕಡಿಮೆ, ನೀರು ಅಳತೆಯಲ್ಲಿ ಎಂದೂ ಹೇಳಿದರು. ಕಾಕಾನ ಕಿವಿಗೆ ಬಿದ್ದದ್ದು 'ತುಂಬ್ಲಿಕತ್ತಿಲ್ಲ' ಎಂಬುದೊಂದೇ. ಬಸ್ಸಿನಲ್ಲಿ ಕೂತವನೇ ತೀರ್ಪು ಕೊಟ್ಟ: "ಟಾಕಿ ತುಂಬ್ಲಿಕತ್ತಿಲ್ಲ ಅಂದ್ರ ಒಳಗ ಬರೋ ನೀರು ಕಮ್ಮಿ. ಇಷ್ಟೂ ತಿಳೀದ, ಇಷ್ಟು ವರ್ಷ ನಾ ಏನ್ ಕತ್ತೆ ಕಾಯ್ದೆನೇನು?"

ಅಂದಿನಿಂದ ತಂಬಿಗೆ ಮೇಲೆ ತಂಬಿಗೆ ನೀರು. ಕಾಕಿ ಬೈದರೆ ಹೊರಗೆ ಹೋಗಿ ನಳಕ್ಕೆ ಬಾಯಿಟ್ಟು ಕುಡಿದ. ಹತ್ತು ದಿನದಲ್ಲಿ ಪಾದಗಳು ಚಪ್ಪಲಿಗೆ ಹಿಡಿಸದಷ್ಟು ಬಾತವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಗ ನನಗೆ ನಗು ಬಂದಿರಲಿಲ್ಲ, ನಿಜ ಹೇಳುತ್ತೇನೆ. ಅಳುತ್ತಲೇ, ಕಾಕಿಯೊಡನೆ, ಅವನನ್ನು ಮತ್ತೆ ಸೇಡಂಗೆ ಕರೆದೊಯ್ದೆ.

ಡಾಕ್ಟರು ಬೈಯಲಿಲ್ಲ. "ಕಾಕಾ, ಇದು ನೀರಿನ ಕೊರತಿ ಅಲ್ಲರಿ. ಎದಿ ಗೋಡಿ ಬಿರುಸಾಗ್ಯಾವ. ಒಂದು ಬಡಿತ ಆದಮ್ಯಾಲ ಅವು ಸಡಿಲ ಆದ್ರನ ರಕ್ತ ಒಳಗ ಬರ್ತದ. ಅದಕ್ಕ ಟೈಮ್ ಬೇಕು. ನೀವು ಓಡಾಡಿದ್ರ, ಹತ್ತಿ ಇಳಿದ್ರ, ಬಡಿತ ಜೋರಾಗಿ ಆ ಟೈಮ್ ಸಿಗಂಗಿಲ್ಲ."

ಕಾಕಾ ಗಾಳಿಯಲ್ಲೇ ಚಾವಿ ತಿರುವಿದಂತೆ ಕೈ ಆಡಿಸಿದ. "ಅಂದ್ರ ಕಡೀ ಓಣಿಗಿ ನೀರು ಮುಟ್ಟೋತನಕ ವಾಲ್ವ್ ಬಂದ್ ಮಾಡಬಾರ್ದು."

"ಹೌದ್ರಿ."

"ಏಣಿ?"

ಡಾಕ್ಟರು ಬೇಡವೆಂದು ತಲೆ ಅಲ್ಲಾಡಿಸಿದರು.

"ಚಾವಿ?"

"ಚಾವಿ ಇಟ್ಕೊಳ್ರಿ."

"ಇನ್ಮ್ಯಾಲರ ಏಣಿ ಬಿಟ್ಟು ಆ ಗೇಜು ನೋಡ್ರಿ" ಎಂದಳು ಕಾಕಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ಅವಳ ಕೈಯಲ್ಲಿ ಗೆದ್ದವರುಂಟೇ?

ಇವತ್ತು ಅದೇ ಡಾಕ್ಟರು ನನಗೆ ಎದೆ ಒರೆಸಿಕೊಳ್ಳಲು ಕಾಗದ ಕೊಟ್ಟು, "ನಿಮ್ಮದೂ ತುಂಬ್ಲಿಕ್ಕ ಸ್ವಲ್ಪ ನಿಧಾನ. ಗಾಬರಿ ಬ್ಯಾಡ, ಬಿಪಿ ಹಿಡಿತದಾಗ ಇಡ್ರಿ" ಎಂದರು. ಹೊರಗೆ ಬಂದರೆ ಕಾಕಾ ಬೆಂಚಿನ ಮೇಲೆ ಕೂತಿದ್ದಾನೆ, ತೊಡೆಯ ಮೇಲೆ ಪುಟ್ಟ ಬಾಟಲಿ. ಸಂಜೆತನಕ ಇಷ್ಟೇ ಎಂದು ಕಾಕಿ ಅದಕ್ಕೆ ಪೆನ್ನಿನಿಂದ ಗೆರೆ ಎಳೆದು ಕಳಿಸಿದ್ದಾಳೆ.

"ಕಾಕಾ, ಬಸ್ ಹೊಂಟದ, ಲಗು ಏಳು!"

ಅವನು ಏಳಲಿಲ್ಲ. ನನ್ನ ಕೈಯಲ್ಲಿದ್ದ ರಿಪೋರ್ಟು ನೋಡಿ, "ಗೇಜು ಏನಂತದ?" ಎಂದ.

"ತುಂಬ್ಲಿಕ್ಕ ತಡಾ ಅಂತ."

ಅವನ ಮುಖ ಬಾಡಿತು. ಆಮೇಲೆ ಪಕ್ಕದ ಜಾಗ ತಟ್ಟಿದ. "ಕುಂದ್ರವ್ವ. ಇನ್ನೊಂದು ಬಸ್ ಬರ್ತದ."

ಕಣ್ಣೆದುರೇ ಬಸ್ಸು ಹೋಯಿತು. ಕೂತೆ. ಕಾಕಾ ಬಾಟಲಿಯ ಗೆರೆಯನ್ನೊಮ್ಮೆ ನೋಡಿಕೊಂಡು, ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದ.

"ಎರಡು ಗುಟುಕು ಕುಡಿ. ಎರಡೇ ಮತ್ತ, ಹೆಚ್ಚಿಗಿ ಇಲ್ಲ."