ಮಡಿಕೆ ಬೀಳದ ಕಾರ್ಡು

ಮೊನ್ನೆ ಭಾನುವಾರ ಮಗಳು ನಡುಮನೆಯಲ್ಲಿ ಕಾಲು ಚಾಚಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಾಫಿ ಲೋಟ ಕೆಳಗಿಟ್ಟುಬಿಟ್ಟೆ. ನಿಮಗೆ ಅದು ಬರೀ ನೈಲ್ ಪಾಲಿಶ್ ಇರಬಹುದು. ನನಗೆ ಅದು ಸ್ಟೆನ್ಸಿಲ್ ತಿದ್ದುವ ಕೆಂಪು ಮದ್ದಿನ ವಾಸನೆ. ಸೈಕ್ಲೋಸ್ಟೈಲ್ ಪ್ರತಿ ತೆಗೆಯಲೆಂದು ಟೈಪ್ ಮಾಡುವ ಸ್ಟೆನ್ಸಿಲ್ ಹಾಳೆಯಲ್ಲಿ ಒಂದು ಅಕ್ಷರ ತಪ್ಪಿದರೆ, ಪುಟ್ಟ ಬ್ರಷ್ಷಿನಲ್ಲಿ ಆ ಮದ್ದು ಸವರಿ, ಬಾಯಲ್ಲಿ ಊದಿ ಒಣಗಿಸಿ, ಅದರ ಮೇಲೆಯೇ ಸರಿಯಾದ ಅಕ್ಷರ ಹೊಡೆಯಬೇಕಿತ್ತು. ತೊಂಬತ್ತರ ದಶಕದಲ್ಲಿ ನಾನು ಊದಿದಷ್ಟು ಸ್ಟೆನ್ಸಿಲ್ಲನ್ನು ಸೇಲಂ ಜಿಲ್ಲೆಯಲ್ಲಿ ಬೇರೆ ಯಾರೂ ಊದಿರಲಾರರು. ಅಷ್ಟು ತಪ್ಪು ಹೊಡೆಯುತ್ತಿದ್ದೆ.

ಮಗಳೂ ಉಗುರು ಊದುತ್ತಲೇ ಒಂದು ಮಾತು ಎತ್ತಿದಳು. ನಾನು ಹನ್ನೆರಡು ವರ್ಷದಿಂದ ಕೆಲಸ ಹುಡುಕುವವರಿಗೆಂದು ತಮಿಳಿನಲ್ಲಿ ಒಂದು ಬ್ಲಾಗ್ ಬರೆಯುತ್ತಿದ್ದೇನೆ. ಅರ್ಜಿ ಹೇಗೆ ಬರೆಯಬೇಕು, ಇಂಟರ್‌ವ್ಯೂನಲ್ಲಿ ಹೇಗೆ ಕೂರಬೇಕು, ಇಂಥ ಉಪದೇಶಗಳು. ಅದನ್ನು ಈಗ ಹೊಸ ರೂಪಕ್ಕೆ ತರುತ್ತಿರುವವಳು ಅವಳೇ.

"ಅಪ್ಪಾ, ಎಲ್ಲಾ ಪೋಸ್ಟಿಗೂ ಕೊನೇಲಿ ಒಂದೇ ಲೈನ್ ಐತಲ್ಲ, 'ನಿಮ್ಮ ಕಾರ್ಡಿನ ತೇದಿ ನೋಡಿಕೊಂಡಿರಾ' ಅಂತ. ಇಪ್ಪೊ ಎಲ್ಲಾಮೇ ಆನ್‌ಲೈನು. ಯಾರಪ್ಪಾ ಕಾರ್ಡ್ ಇಟ್ಕಂಡವ್ರೆ? ತೆಗೆದುಬಿಡ್ಲಾ?"

"ಬ್ಯಾಡ."

"ಯಾಕೆ?"

"ಬ್ಯಾಡ ಅಂದ್ರೆ ಬ್ಯಾಡ."

ಅವಳು ಅಡುಗೆಮನೆಯ ಕಡೆ ನೋಡಿ ಅಮ್ಮನಿಗೆ ಕಣ್ಣಲ್ಲೇ ಏನೋ ಹೇಳಿ ನಕ್ಕಳು. ನಕ್ಕರೆ ನಗಲಿ. ಯಾಕೆ ಬೇಡವೆಂದು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಇವತ್ತು ನಿಮಗೆ ಹೇಳುತ್ತೇನೆ, ಸ್ವಲ್ಪ ಹೊತ್ತು ಜೊತೆಗಿರಿ.

ಮೊದಲು ಆ ಕಾರ್ಡೆಂದರೆ ಏನು ಎಂದು ಹೇಳಬೇಕು. ಆಗ ನಮ್ಮ ಕಡೆ ಓದು ಮುಗಿದ ಕೂಡಲೇ ಎಲ್ಲರೂ ಎಂಪ್ಲಾಯ್ಮೆಂಟ್ ಆಫೀಸಿಗೆ ಹೋಗಿ ಹೆಸರು ಬರೆಸುತ್ತಿದ್ದರು. ಬರೆಸಿದ ದಿನದಿಂದ ನಿಮ್ಮ ಸರದಿ ಶುರು. ಸರ್ಕಾರಿ ಶಾಲೆಯ ಟೀಚರ್ ಕೆಲಸ ಸಿಗುತ್ತಿದ್ದದ್ದು ಆ ಸರದಿಯ ಪ್ರಕಾರವೇ. ಅದಕ್ಕೊಂದು ಕಾರ್ಡು ಕೊಡುತ್ತಿದ್ದರು. ಮೂರು ವರ್ಷಕ್ಕೊಮ್ಮೆ ಅದನ್ನು ತೋರಿಸಿ ಮುದ್ರೆ ಹಾಕಿಸಬೇಕು, ಅದೇ ರಿನ್ಯೂವಲ್. ತೇದಿ ತಪ್ಪಿತೋ, ಅಷ್ಟು ವರ್ಷ ಕಾದದ್ದೆಲ್ಲ ನೀರುಪಾಲು, ಹೊಸದಾಗಿ ಹೆಸರು ಬರೆಸಿ ಸಾಲಿನ ತುದಿಗೆ ಹೋಗಿ ನಿಲ್ಲಬೇಕು.

ನಾನು ಆಗ ಸೇಲಮ್ಮಿನ ಶೆವ್ವಾಪೇಟೆಯಲ್ಲಿ ಒಂದು ಕೋಣೆ ಹಿಡಿದು ಟೈಪಿಂಗು, ಶಾರ್ಟ್‌ಹ್ಯಾಂಡು ಕಲಿಯುತ್ತಿದ್ದೆ. ಊರು ಮೇಟೂರು ದಾಟಿ ಕೊಳತ್ತೂರಿನ ಹತ್ತಿರ. ನಮ್ಮ ಕುಲದಲ್ಲಿ ಸೇಲಂ ಸೇರಿದ ಮೊದಲ ಪ್ರಾಣಿ ನಾನೇ ಆದ್ದರಿಂದ, ನನಗೆ ಗೊತ್ತಿಲ್ಲದ್ದು ಲೋಕದಲ್ಲಿ ಯಾವುದೂ ಇಲ್ಲವೆಂದು ಊರಿನವರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ಇನ್‌ಸ್ಟಿಟ್ಯೂಟಿನ ಮಾಸ್ತರರನ್ನು ಕಾಡಿಬೇಡಿ, ತಿಂಗಳಿಗೊಂದು ಸ್ಟೆನ್ಸಿಲ್ ಹೊಡೆದು, ಕೆಲಸದ ಸುದ್ದಿ ಮತ್ತು ನನ್ನ ಅಮೂಲ್ಯ ಸಲಹೆಗಳನ್ನು ಇಪ್ಪತ್ತು ಪ್ರತಿ ತೆಗೆದು ಊರಿಗೆ ಕಳಿಸುತ್ತಿದ್ದೆ. ಬಸ್ಸಿನ ಕಂಡಕ್ಟರ್ ಅದನ್ನು ಕೊಳತ್ತೂರು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನಿಗೆ ಕೊಡುತ್ತಿದ್ದ. ಅವನು ಒಂದನ್ನು ಗೋಡೆಗೆ ಅಂಟಿಸಿ ಉಳಿದವನ್ನು ಹಂಚುತ್ತಿದ್ದ. ಎಷ್ಟೋ ಪ್ರತಿ ಬಜ್ಜಿ ಕಟ್ಟಲು ಹೋದವೆಂದು ಆಮೇಲೆ ತಿಳಿಯಿತು. ಬ್ಲಾಗಿನ ಅಜ್ಜ ಎಂದರೆ ಆ ಗೋಡೆಯ ಹಾಳೆ.

ಆ ಹಾಳೆಯನ್ನು ತಪ್ಪದೆ ಓದುವವಳು ಒಬ್ಬಳಿದ್ದಳು. ನನ್ನ ದೊಡ್ಡಮ್ಮನ ಮಗಳು ಜಯಕ್ಕ. ಅವರ ಹಟ್ಟಿ ಪಾಲಮಲೆಯ ಮೇಲೆ. ಬಸ್ಸಿರಲಿ, ಗಾಡಿ ದಾರಿಯೂ ಇಲ್ಲದ ಜಾಗ. ಕಾಲುದಾರಿ ಇಳಿದು ಕೊಳತ್ತೂರಿಗೆ ಬಂದು ಓದಿ, ಟೀಚರ್ ಟ್ರೈನಿಂಗ್ ಮುಗಿಸಿ, ಮತ್ತೆ ಮಲೆ ಹತ್ತಿ ರಾಗಿ ಹೊಲದಲ್ಲಿ ಕೆಲಸ ಮಾಡುತ್ತಾ ಸರದಿ ಕಾಯುತ್ತಿದ್ದಳು. ಸಂತೆಯ ದಿನ ಹಲಸೋ ಹುಣಿಸೆಯೋ ಹೊತ್ತು ಇಳಿದು ಬಂದವಳು, ಮೂಟೆ ಇಳಿಸಿದ ಕೂಡಲೇ ನೇರ ಆ ಗೋಡೆಯ ಮುಂದೆ ನಿಲ್ಲುತ್ತಿದ್ದಳು. ಜಡೆಯೊಳಗೆ ಸಿಕ್ಕಿಸಿದ ಒಂದು ಮೋಟು ಪೆನ್ಸಿಲ್ ಇರುತ್ತಿತ್ತು.

ಆ ಪೆನ್ಸಿಲ್ಲಿನಿಂದ ಅವಳು ನನ್ನ ಹಾಳೆಯ ಅಂಚಿನಲ್ಲಿ ಬರೆಯುತ್ತಿದ್ದಳು. ಮಾತು ಕನ್ನಡ, ಅಕ್ಷರ ತಮಿಳು. ನಮಗೆಲ್ಲ ಕನ್ನಡ ಬಾಯಲ್ಲಿತ್ತೇ ಹೊರತು ಕೈಯಲ್ಲಿರಲಿಲ್ಲ. (ನನಗೆ ಈ ಅಕ್ಷರಗಳನ್ನು ಕಲಿಸಿದ್ದು ಕೊಳ್ಳೇಗಾಲದ ಕಡೆಯಿಂದ ಬಂದ ನನ್ನ ಹೆಂಡತಿ, ಅದೂ ಮದುವೆಯಾಗಿ ಬಹಳ ವರ್ಷದ ಮೇಲೆ, ಬೈದು ಬೈದು.) ನಾನು ಗಂಭೀರವಾಗಿ "ಇಂಟರ್‌ವ್ಯೂಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಳ್ಳಿ" ಎಂದು ಹೊಡೆದಿದ್ದರೆ, ಪಕ್ಕದಲ್ಲಿ ಪೆನ್ಸಿಲ್: "ಮಲೆ ಮ್ಯಾಲೆ ಇಸ್ತ್ರಿಪೆಟ್ಟಿ ಇಲ್ಲ. ಚಾಪೆ ಅಡಿ ಮಡ್ಗಿ ಮಲೀಕಳಿ." "ಅಧಿಕಾರಿಯ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಿ" ಎಂದರೆ: "ದೊಡ್ಡೋರ್ನ ಅಂಗೆ ನೋಡಿದ್ರೆ ಒದೆ ಬೀಳ್ತೈತೆ. ಮೂಗು ನೋಡಿ, ಸಾಕು." "ಅರ್ಧ ಗಂಟೆ ಮೊದಲೇ ತಲುಪಿ" ಎಂದರೆ: "ಬೇಗ ಬಾ ಅಂತ ಬಸ್ಸಿಗೆ ಯಾರು ಏಳೋದು? ಮುಂಚಿನ ದಿನವೇ ಓಗಿ ಸೊಂದಕಾರ್ರ ಮನೇಲಿ ಇರಿ." ಸೊಂದಕಾರರೆಂದರೆ ನೆಂಟರು.

ನಾನು ಊರಿಗೆ ಹೋದಾಗಲೆಲ್ಲ ಹಳೆ ಹಾಳೆ ಕಿತ್ತು, ಅಂಚುಗಳನ್ನು ಓದಿ, ಮುಂದಿನ ತಿಂಗಳು ಅವಳ ಮಾತನ್ನೇ ಕದ್ದು ನನ್ನದೆಂಬಂತೆ ಹೊಡೆಯುತ್ತಿದ್ದೆ. ಹಟ್ಟಿಯ ಒಬ್ಬ ಹುಡುಗಿಗೆ ಏರ್ಕಾಡಿನ ಕಾಫಿ ಎಸ್ಟೇಟಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮಿಠಾಯಿ ಕೊಡಲು ಬಂದವಳನ್ನು, ನನ್ನ ಹಾಳೆ ಓದಿದ್ದರಿಂದ ಅಲ್ಲವೇ ಎಂದು ಬಾಯಿಬಿಟ್ಟು ಕೇಳಿದೆ. "ಆಳೆ ಯಾರು ಓದಿದ್ರಣ್ಣ, ನಾನು ಪೆನ್ಸಿಲ್ಲು ಓದಿದ್ದು" ಅಂದಳು. ಆ ಮಿಠಾಯಿ ತಿಂದು ಮುಗಿಸಲು ನನಗೆ ಬಹಳ ಹೊತ್ತು ಹಿಡಿಯಿತು.

ಜಯಕ್ಕನಿಗೆ ಬೇಕಾಗಿದ್ದದ್ದು ಒಂದೇ, ತನ್ನ ಮಲೆಯ ಮೇಲೆ ಟೀಚರ್ ಆಗುವುದು. "ನಮ್ ಮಕ್ಳು ಮನೇಲಿ ಕನ್ನಡ ಆಡ್ತವೆ, ಸ್ಕೂಲಿಗೆ ಓದ್ರೆ ತಮಿಳು. ಒಂದ್ ವರ್ಷ ಬಾಯೇ ಬಿಡಲ್ಲ, ಮಂಕಾಗಿ ಕುಂತಿರ್ತವೆ. ನಾನೂ ಅಂಗೇ ಕುಂತಿದ್ದೆ ತಮ್ಮಾ. ನಾನು ಟೀಚರ್ ಆದ್ರೆ ಮೊದ್ಲು ಅವುಕ್ಕೆ ನಮ್ ಮಾತ್ನಾಗೆ ಏಳಿಕೊಟ್ಟು ಆಮ್ಯಾಕೆ ತಮಿಳು ಏಳಿಕೊಡ್ತೀನಿ" ಎನ್ನುತ್ತಿದ್ದಳು. ಇದನ್ನು ಅವಳು ಎಷ್ಟು ಸಲ ಹೇಳಿದರೂ ಮೊದಲ ಸಲ ಹೇಳುವವಳ ಹಾಗೆ ಹೇಳುತ್ತಿದ್ದಳು. ಹೆಸರು ಬರೆಸಿ ಆರು ವರ್ಷವಾಗಿತ್ತು. ಇನ್ನೊಂದು ವರ್ಷ, ಹೆಚ್ಚೆಂದರೆ ಎರಡು ವರ್ಷದಲ್ಲಿ ಅವಳ ಸರದಿ ಬರುವುದಿತ್ತು.

ಕಾರ್ಡನ್ನು ಅಂಚೆಯಲ್ಲೂ ಕಳಿಸಬಹುದಿತ್ತು. ಆದರೆ ಗೋಡೆಯ ಹಾಳೆಯಲ್ಲಿ ಪಂಡಿತನೊಬ್ಬ "ಅಂಚೆಯನ್ನು ನಂಬಬೇಡಿ, ಸೇಲಮ್ಮಿನಲ್ಲಿ ನಾನಿದ್ದೇನೆ" ಎಂದು ಹೊಡೆದಿದ್ದ. ಆ ತಿಂಗಳು ಹನ್ನೆರಡು ಕಾರ್ಡು ನನ್ನ ಕೈಗೆ ಬಂದವು. ಜಯಕ್ಕ ತನ್ನದನ್ನು ಹೊಸ ಸೀರೆಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಳು. "ಮಡಿಕೆ ಬೀಳ್ದಂಗೆ ತಕಂಡೋಗು ತಮ್ಮಾ" ಅಂದಳು. ಉಳಿದವರ ಹನ್ನೊಂದು ಕಾರ್ಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಚೀಲಕ್ಕೆ ತುರುಕಿದೆ. ಜಯಕ್ಕನದನ್ನು ಹಾಗೆ ತುರುಕಲು ಮನಸ್ಸು ಬರಲಿಲ್ಲ. ಶಾರ್ಟ್‌ಹ್ಯಾಂಡ್ ಪುಸ್ತಕದ ನಡುವೆ, ನೆಟ್ಟಗೆ, ಜೋಪಾನವಾಗಿ ಇಟ್ಟೆ.

ಮುಂದಿನದು ನಿಮಗೆ ಹೊಳೆದಿರಬೇಕು. ಸೋಮವಾರ ರಬ್ಬರ್ ಬ್ಯಾಂಡಿನ ಕಟ್ಟು ಒಯ್ದು ಹನ್ನೊಂದಕ್ಕೂ ಮುದ್ರೆ ಹಾಕಿಸಿ, ಕಂಡಕ್ಟರ್ ಕೈಯಲ್ಲಿ ಊರಿಗೆ ಕಳಿಸಿದೆ. ಪುಸ್ತಕ ಕೋಣೆಯಲ್ಲೇ ಇತ್ತು. ಪರೀಕ್ಷೆ ಬಂತು, ಮುಗಿಯಿತು, ಪುಸ್ತಕ ಟ್ರಂಕಿನ ತಳ ಸೇರಿತು. ಆ ತಿಂಗಳ ಹಾಳೆಯ ದೊಡ್ಡ ಲೇಖನ ಯಾವುದು ಗೊತ್ತೇ? ರಿನ್ಯೂವಲ್ ಮರೆತರೆ ಬದುಕೇ ಹಾಳು, ಎಚ್ಚರವಾಗಿರಿ, ಎಂದು. ಅದನ್ನು ಹೊಡೆದು, ತಪ್ಪಾದ ಅಕ್ಷರಗಳಿಗೆ ಕೆಂಪು ಮದ್ದು ಸವರಿ ಊದುತ್ತಾ ಕೂತಿದ್ದಾಗ, ಅವಳ ಕಾರ್ಡು ನನ್ನ ಮಂಚದ ಕೆಳಗೆ ಟ್ರಂಕಿನಲ್ಲಿತ್ತು.

ಎರಡೋ ಮೂರೋ ತಿಂಗಳ ಮೇಲೆ ಊರಿಗೆ ಹೋದೆ. ಬಸ್ಸಿಳಿದು ಎಂದಿನಂತೆ ಗೋಡೆಯ ಹತ್ತಿರ ನಿಂತೆ. ರಿನ್ಯೂವಲ್ ಲೇಖನದ ಪಕ್ಕದಲ್ಲಿ, ತಮಿಳಕ್ಷರದಲ್ಲಿ, ಪೆನ್ಸಿಲ್ಲಿನಲ್ಲಿ: "ನಂದು ಆಯ್ತಾ ತಮ್ಮಾ?"

ಟ್ರಂಕಿನ ತಳದ ಪುಸ್ತಕ ನೆನಪಾಯಿತು. ಮನೆಗೂ ಹೋಗದೆ ಅದೇ ಬಸ್ಸಿನಲ್ಲಿ ತಿರುಗಿ ಸೇಲಮ್ಮಿಗೆ ಬಂದು, ಮರುದಿನ ಬೆಳಿಗ್ಗೆ ಆಫೀಸಿನ ಬಾಗಿಲು ತೆರೆಯುವ ಮೊದಲೇ ನಿಂತಿದ್ದೆ. ಮೇಜಿನ ಹಿಂದಿನ ಹಿರಿಯರು ಕಾರ್ಡನ್ನು ತಿರುಗಿಸಿ ನೋಡಿ, ಪಾಪ, ನಿಧಾನವಾಗಿಯೇ ಹೇಳಿದರು: "ಡೇಟ್ ಮುಡಿಂಜಿ ಪೋಚ್ಚೇ ತಂಬಿ." ತೇದಿ ಮುಗಿದುಹೋಯಿತು, ಮೇಲೆ ಕೊಟ್ಟ ರಿಯಾಯಿತಿಯ ದಿನಗಳೂ ಮುಗಿದವು, ಹೊಸದಾಗಿ ಬರೆಸಬೇಕು. ನಾನು ಕಾಲಿಗೆ ಬೀಳುವುದೊಂದು ಬಾಕಿ. ಅವರು ಮುಂದಿನವರನ್ನು ಕರೆದರು.

ಸಂತೆಯ ದಿನ ಜಯಕ್ಕನ ಎದುರಿಗೆ ಹೋಗಿ ನಿಂತೆ. ಅವಳು ನನ್ನ ಮುಖ ನೋಡಿದಳು.

"ಆಗಿಲ್ಲ, ಅಲ್ವಾ?" ಅಂದಳು.

ತಲೆ ಅಲ್ಲಾಡಿಸಿದೆ. ಅವಳು ಹುಣಿಸೆ ಮೂಟೆಯ ಬಾಯಿ ಬಿಚ್ಚಿದಳು, ಮತ್ತೆ ಕಟ್ಟಿದಳು. ಅಷ್ಟರಲ್ಲಿ ದೊಡ್ಡಪ್ಪ ಬಂದು, ಮಗಳ ಕಾರ್ಡಿನ ವಿಷಯ ಏನಾಯಿತೆಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ನಾನೇ ಕೊಡ್ನಿಲ್ಲಪ್ಪ. ಮರ್ತೋಯ್ತು" ಅಂದಳು. ದೊಡ್ಡಪ್ಪ ಸಂತೆಯ ಜನರ ಮುಂದೆಯೇ ಅವಳನ್ನು ಬೈದರು. ಓದಿಸಿದ್ದು ದಂಡ ಎಂದರು, ತಮ್ಮನನ್ನು ನೋಡಿ ಜವಾಬ್ದಾರಿ ಕಲಿ ಎಂದರು. ಆ ಜವಾಬ್ದಾರಿಯ ತಮ್ಮ ಗೋಡೆ ನೋಡುತ್ತಾ ನಿಂತಿದ್ದ. ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಊರಿನಲ್ಲಿ ನನಗಿದ್ದ ಹೆಸರು ಹೋಗುವುದೆಂದು ಹೆದರಿದೆ. ಬೇರೆ ಕಾರಣವೇನೂ ಇಲ್ಲ.

ಅವಳು ಹೊಸದಾಗಿ ಹೆಸರು ಬರೆಸಿದಳು. ಎರಡು ವರ್ಷದಲ್ಲಿ ಅವಳ ಜೊತೆ ಟ್ರೈನಿಂಗ್ ಮಾಡಿದವರಿಗೆ ಕೆಲಸದ ಆರ್ಡರ್ ಬಂತು. ಅವಳ ಸರದಿ ಬರುವಷ್ಟರಲ್ಲಿ ಕಾನೂನೇ ಬದಲಾಗಿ ಸರದಿಯ ಜಾಗಕ್ಕೆ ಪರೀಕ್ಷೆಗಳು ಬಂದವು, ಅಷ್ಟರೊಳಗೆ ಅವಳಿಗೆ ಮದುವೆ, ಮಕ್ಕಳು ಆಗಿದ್ದವು. ಹಾಳೆಯನ್ನು ನಾನು ಇನ್ನೂ ಎರಡು ವರ್ಷ ನಡೆಸಿದೆ. ನಿಜ ಹೇಳುತ್ತೇನೆ, ಅಂಚಿನಲ್ಲಿ ಪೆನ್ಸಿಲ್ ಮತ್ತೆ ಕಾಣಿಸೀತೆಂಬ ಆಸೆಗೆ ನಡೆಸಿದೆ. ಜಯಕ್ಕ ಬಂದು ಓದಿ ಹೋಗುತ್ತಿದ್ದಳಂತೆ. ಅಂಚು ಮಾತ್ರ ಖಾಲಿ ಇರುತ್ತಿತ್ತು. ಈಗ ಬ್ಲಾಗಿನ ಕೆಳಗೆ ನೂರಾರು ಜನ ಥ್ಯಾಂಕ್ಸ್ ಬರೆಯುತ್ತಾರೆ, ಕೈ ಮುಗಿಯುವ ಚಿತ್ರ ಹಾಕುತ್ತಾರೆ. ನನ್ನ ಮಾತಿಗೆ ಎದುರು ಮಾತಾಡಿ ಅದನ್ನು ಸರಿಮಾಡುವವರು ಒಬ್ಬರೂ ಇಲ್ಲ. ಎಷ್ಟು ಸಲ ಆ ಮೋಟು ಪೆನ್ಸಿಲ್ಲಿಗಾಗಿ ಹಂಬಲಿಸಿದ್ದೇನೆಂದು ನಿಮಗೆ ಹೇಗೆ ಹೇಳಲಿ. ಮದುವೆ ಮನೆಗಳಲ್ಲಿ ಜಯಕ್ಕ ಸಿಗುತ್ತಾಳೆ. "ಉಂಡ್ಯಾ ತಮ್ಮಾ?" ಎಂದು ಕೇಳುತ್ತಾಳೆ. ಉಂಡೆ ಎನ್ನುತ್ತೇನೆ. ಅಷ್ಟಕ್ಕೇ ಮೂವತ್ತು ವರ್ಷ ಕಳೆದುಹೋಯಿತು.

ಮೊನ್ನೆ ಆ ವಾಸನೆ ಬಂದ ಮಧ್ಯಾಹ್ನ ಬೀರು ತೆಗೆದು ಶಾರ್ಟ್‌ಹ್ಯಾಂಡ್ ಪುಸ್ತಕ ಹುಡುಕಿದೆ. ಅವಳಿಗೆ ತಿರುಗಿ ಕೊಡಲು ಮುಖವಿಲ್ಲದೆ ಮತ್ತೆ ಅದರಲ್ಲೇ ಇಟ್ಟಿದ್ದ ಕಾರ್ಡು ಅಲ್ಲೇ ಇತ್ತು, ಪ್ಲಾಸ್ಟಿಕ್ ಕವರಿನಲ್ಲಿ, ಇಟ್ಟ ಹಾಗೇ. ವರಾಂಡಕ್ಕೆ ಹೋಗಿ ಅವಳಿಗೆ ಫೋನ್ ಮಾಡಿದೆ.

"ಅಕ್ಕಾ, ಆ ಕಾರ್ಡು ನೀನು ಕೊಟ್ಟಿದ್ದೆ. ಮರ್ತೋನು ನಾನು."

"ಗೊತ್ತಲ್ಲ ತಮ್ಮಾ. ಕೊಟ್ಟೋಳು ನಾನೇ ಅಲ್ವಾ?"

"ದೊಡ್ಡಪ್ಪನ ಮುಂದೆ ನಾನು ನಿಜ ಏಳ್ಬೇಕಿತ್ತು."

ಆ ಕಡೆ ಅವಳು ಕೋಳಿಗಳನ್ನು ಅಟ್ಟಿದ ಸದ್ದು ಕೇಳಿಸಿತು. ಆಮೇಲೆ ಅವಳು ಹೇಳಿದಳು: "ಕಾರ್ಡು ಮರ್ತಿದ್ದು ನಂಗೆ ನೋವಾಗ್ನಿಲ್ಲ ಲೇ. ಯಾರಾದ್ರೂ ಮರೀತಾರೆ. ಅಪ್ಪ ಬೈತಿರ್ವಾಗ ನೀನು ಗೋಡೆ ನೋಡ್ಕಂಡು ನಿಂತಿದ್ದೆ ನೋಡು, ಅದು ನೋವಾಯ್ತು. ಆಮ್ಯಾಕೆ ಅಲ್ಲಿ ಏನೂ ಬರೆಯಕ್ಕೆ ಮನಸ್ ಬರ್ನಿಲ್ಲ."

ತಪ್ಪಾಯ್ತು ಅಕ್ಕಾ, ಅಂದೆ. ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು ಎರಡೇ ಪದದ್ದಾಗಿತ್ತು.

"ಕಾರ್ಡು ಏನ್ಮಾಡ್ದೆ?"

"ನನ್ತಾವೇ ಐತೆ."

"ಐತಾ?" ಅವಳ ದನಿಯೇ ಬೇರೆಯಾಯಿತು. "ಮಡ್ಸಿದ್ದೀಯಾ?"

"ಇಲ್ಲಕ್ಕಾ. ನೀನು ಕೊಟ್ಟಂಗೇ ಐತೆ."

"ಸರ್ಟಿಪಿಕೇಟ್‌ನಾಗೆ ನಾನು ಓದ್ದೋಳು ಅಂತ ಮಾತ್ರ ಐತೆ. ಆ ಕಾರ್ಡ್‌ನಾಗೆ ನನ್ ಎಸ್ರು ಕೆಳ್ಗೆ ಟೀಚರ್ ಅಂತ ಬರ್ದವ್ರೆ. ಆಮ್ಯಾಕೆ ಬರ್ಸಿದ್ ಕಾರ್ಡು ಕಳ್ದೋಯ್ತು, ಈಗ ಅದೊಂದ್ರಾಗೇ ಐತೆ. ತಕಂಡ್ ಬಾ ತಮ್ಮಾ, ಮೊಮ್ಮಗ್ಳಿಗೆ ತೋರುಸ್ಬೇಕು."

ಒಳಗೆ ಬಂದು ಮಗಳಿಗೆ, ಹೇಳಬೇಕಾದವಳಿಗೇ ಹೇಳಿಯಾಯಿತು, ಆ ಕೊನೆಯ ಸಾಲು ತೆಗೆದುಬಿಡಮ್ಮ ಎಂದೆ. ವರಾಂಡದ ಮಾತು ಕೇಳಿಸಿಕೊಂಡಿದ್ದ ಅವಳು ಈ ಸಲ ನಗಲಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಕೊಳತ್ತೂರಿಗೆ ಹೊರಟಿದ್ದೇನೆ. ಕಾರ್ಡು ಅದೇ ಪುಸ್ತಕದ ನಡುವೆ ಇದೆ. ಈ ಸಲ ಪುಸ್ತಕ ನನ್ನ ತೊಡೆಯ ಮೇಲೇ ಇರುತ್ತದೆ. ನೀವು ಈಗ ಓದುತ್ತಿರುವ ಈ ಬರಹವನ್ನೂ ಕಾಗದಕ್ಕೆ ತೆಗೆದುಕೊಂಡಿದ್ದೇನೆ. ಜಯಕ್ಕನಿಗೆ ಕನ್ನಡ ಓದಲು ಬರುವುದಿಲ್ಲ, ನಾನೇ ಓದಿ ಹೇಳುತ್ತೇನೆ. ಕಾಗದದ ಎರಡೂ ಕಡೆ ಅಂಚು ಅಗಲವಾಗಿ ಬಿಟ್ಟಿದ್ದೇನೆ. ಜೇಬಿನಲ್ಲಿ ಒಂದು ಪೆನ್ಸಿಲ್ ಇದೆ.